ಕ್ಯಾಸನೂರಿನ ವೈರಸ್ಸಿನಲ್ಲೊಂದು ತೂಬು

1957ರ ಮಾರ್ಚ್ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಸಾಲುಸಾಲಾಗಿ ಸತ್ತು ಬಿದ್ದವು. ಸೌದೆ, ದರಕು ತರಲು ಹೋದವರು ಜ್ವರ, ಮೈಕೈ ನೋವೆಂದು ಮಲಗಿದರು. ಹಳದಿ ಜ್ವರ ನಮ್ಮ ದೇಶಕ್ಕೂ ಕಾಲಿಟ್ಟಿತೇ ಎಂಬ ದಿಗಿಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಅವರ ತಂಡಕ್ಕೆ ಸಿಕ್ಕಿದ್ದು ಹೊಸದೇ ವೈರಸ್; ರಷ್ಯಾದ ಮಿದುಳು ಜ್ವರದ ವೈರಸ್ಸಿಗೆ ನೆಂಟ, ಹರಡುವುದು ಉಣುಗಿನಿಂದ. ಮುಂದೆ ಹಲವು ವರ್ಷ ಈ ಮಂಗನ ಕಾಯಿಲೆ ಸಾಗರ, ಸೊರಬ, ಶಿಕಾರಿಪುರದ ಸುತ್ತಲೇ ಇತ್ತು.

ಈ ವೈರಸ್ಸಿನ ಜೀನೋಮ್ ಒಂದೇ ಎಳೆಯ ಆರ್‌ಎನ್‌ಎ. ಅದರಲ್ಲಿ ಸುಮಾರು 10,770 ಅಕ್ಷರಗಳಿವೆ. ನಡುವಿನ ಉದ್ದನೆಯ ಭಾಗವನ್ನು ನಮ್ಮ ಜೀವಕೋಶದ ರೈಬೋಸೋಮ್ ಓದಿ 3,416 ಅಮೈನೋ ಆಮ್ಲಗಳ ಒಂದೇ ಸರ ಪೋಣಿಸುತ್ತದೆ. ಅದು ತುಂಡಾಗಿ ಹತ್ತು ಪ್ರೋಟೀನುಗಳಾಗುತ್ತದೆ. ಎರಡೂ ತುದಿ ಸೇರಿ ಇರುವ ಐನೂರು ಚಿಲ್ಲರೆ ಅಕ್ಷರಗಳಿಂದ ಮಾತ್ರ ಯಾವ ಪ್ರೋಟೀನೂ ಹುಟ್ಟುವುದಿಲ್ಲ.

ಹಾಗೆಂದು ಅವು ದಂಡವಲ್ಲ. ಈ ಕಾಯಿಲೆ ಕಂಡ ಶಿಕಾರಿಪುರ, ಸೊರಬ ಕೆರೆಗಳ ಸೀಮೆ; ಅಲ್ಲಿನ ತೂಬನ್ನೇ ನೋಡಿ.  ಕೆರೆಯ ತೂಬಿನಲ್ಲಿ ಭತ್ತ ಬೆಳೆಯುವುದಿಲ್ಲ, ಆದರೆ ಗದ್ದೆಗೆ ನೀರು ಯಾವಾಗ, ಎಷ್ಟು ಎಂಬುದು ತೂಬಿನ ಕೈಯಲ್ಲೇ ಇದೆ. ಈ ತುದಿಗಳದ್ದೂ ಅದೇ ಕೆಲಸ.

ಈ ವೈರಸ್ಸಿನ ಬಳಗವಾದ ಫ್ಲೇವಿ ವೈರಸ್‌ಗಳಿಗೆ ಒಂದು ಇಕ್ಕಟ್ಟಿದೆ. ಪ್ರೋಟೀನು ಕಟ್ಟುವ ರೈಬೋಸೋಮ್ ಎಳೆಯ ಮೇಲೆ ಮುಂತುದಿಯಿಂದ ಹೊರಟರೆ, ಎಳೆಯ ನಕಲು ತೆಗೆಯುವ ಕಿಣ್ವ ಹಿಂತುದಿಯಿಂದ ಹೊರಡಬೇಕು. ಎರಡೂ ಒಟ್ಟಿಗೆ ಬಂದರೆ ಡಿಕ್ಕಿ. ದಾರಿ ಬಿಡಿಸುವುದು ಈ ಓದದ ಅಕ್ಷರಗಳೇ. ಎರಡು ತುದಿಗಳಲ್ಲೂ ಒಂದಕ್ಕೊಂದು ಜೊತೆಯಾಗುವ ಅಕ್ಷರಗಳಿವೆ. ಅವು ಬೆಸೆದಾಗ ಎಳೆ ಉಂಗುರವಾಗಿ ಬಾಗುತ್ತದೆ. ಮುಂತುದಿಯ ಸುರುಳಿಗೆ ಅಂಟಿದ್ದ ಕಿಣ್ವ ಆಗ ಹಿಂತುದಿಗೆ ದಾಟಿ ನಕಲು ಶುರುಮಾಡುತ್ತದೆ, ಪ್ರೋಟೀನು ತಯಾರಿ ಹಿಂದೆ ಸರಿಯುತ್ತದೆ. ಒಂದು ದಾರದ ಬಾಗುವಿಕೆಯಲ್ಲಿ ಇಷ್ಟು ಲೆಕ್ಕಾಚಾರ ಅಡಗಿರುವುದು ನನಗೆ ಇಂದಿಗೂ ಸೋಜಿಗ.

ಈ ತೂಬು ಕೆಡಿಸಿದರೆ ವೈರಸ್ ಸೊರಗುತ್ತದೆ. ಅದೇ ಬಳಗದ ಡೆಂಗಿ ವೈರಸ್ಸಿನ ಹಿಂತುದಿಯ ಭಾಗದಿಂದ ವಿಜ್ಞಾನಿಗಳು 30 ಅಕ್ಷರ ಕತ್ತರಿಸಿ ಅದನ್ನು ಬಲಗುಂದಿಸಿದ್ದಾರೆ. ಆ ಜಾಡಿನ ಲಸಿಕೆ ಭಾರತದಲ್ಲೂ 2024ರಿಂದ ಮೂರನೇ ಹಂತದ ಪ್ರಯೋಗಕ್ಕೆ ಇಳಿದಿದೆ. ಮಂಗನ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆ ಸತ್ತ ವೈರಸ್ಸಿನದು. ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು. ಈಗ ಅದನ್ನೂ ನಿಲ್ಲಿಸಲಾಗಿದೆ. ದರಕು ತರುವವರು ಸದ್ಯ ಕಾಡಿಗೆ ಹೊರಡುವಾಗ ಕೈಕಾಲಿಗೆ ಉಣುಗು ತಡೆಯುವ ಎಣ್ಣೆ ಸವರಿಕೊಳ್ಳುತ್ತಾರೆ.