ಪೇಸ್‌ಮೇಕರ್: ನಂಬಿಕೆ ಎಷ್ಟು, ನಿಜ ಎಷ್ಟು

ಹೃದಯ ಬಡಿಯುವುದು ತನ್ನೊಳಗೇ ಹುಟ್ಟುವ ವಿದ್ಯುತ್ತಿನಿಂದ. ಬಲ ಹೃತ್ಕರ್ಣದ ಮೇಲ್ತುದಿಯಲ್ಲಿರುವ ಸೈನಸ್ ನೋಡ್ ಎಂಬ ಜೀವಕೋಶಗಳ ಗುಂಪು, ಮನುಷ್ಯ ಸುಮ್ಮನೆ ಕೂತಿರುವಾಗ ನಿಮಿಷಕ್ಕೆ 60ರಿಂದ 100 ಸಲ ಸಂಕೇತ ಹೊರಡಿಸುತ್ತದೆ. ಅದು ಮೇಲಿನ ಎರಡು ಕೋಣೆಗಳನ್ನು ಹಾದು, ನಡುವಿನ ಎವಿ ನೋಡ್‌ನಲ್ಲಿ ಅರೆಕ್ಷಣ ತಂಗಿ, ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ದಿನವೊಂದಕ್ಕೆ ಸುಮಾರು 1 ಲಕ್ಷ ಸಲ ಹೀಗೆ ನಡೆಯುತ್ತದೆ. ಸೈನಸ್ ನೋಡ್ ಸೋತಾಗ, ಅಥವಾ ಸಂಕೇತ ಅರ್ಧ ದಾರಿಯಲ್ಲೇ ನಿಂತಾಗ, ನಾಡಿ 40ಕ್ಕೋ 30ಕ್ಕೋ ಇಳಿಯುತ್ತದೆ. ಕೆಲವೊಮ್ಮೆ ನಾಲ್ಕಾರು ಸೆಕೆಂಡು ಬಡಿತವೇ ಇರುವುದಿಲ್ಲ. ಮಿದುಳಿಗೆ ರಕ್ತ ಸಾಲದೆ ಕಣ್ಣಿಗೆ ಕತ್ತಲೆ ಕವಿದು ಮನುಷ್ಯ ಬೀಳುತ್ತಾನೆ. ಬಚ್ಚಲುಮನೆಯಲ್ಲಿ ಬಿದ್ದ ಅಜ್ಜಿ ಕಾಲು ಜಾರಿ ಬಿದ್ದರೆಂದೇ ಮನೆಯವರು ತಿಳಿಯುತ್ತಾರೆ. ಎರಡನೆಯ ಸಲವೂ ಬಿದ್ದ ಮೇಲೆ ಇಸಿಜಿ ತೆಗೆಸಿದಾಗ ಕಾರಣ ಹೊರಬರುವುದುಂಟು.

ಗೊಂದಲ ಶುರುವಾಗುವುದು ‘ಬ್ಲಾಕ್’ ಎಂಬ ಮಾತಿನಿಂದ. ‘ಹಾರ್ಟಲ್ಲಿ ಮೂರು ಬ್ಲಾಕ್ ಇದೆಯಂತೆ’ ಎಂದು ಜನ ಹೇಳುವಾಗ ಅವರ ಮನಸ್ಸಿನಲ್ಲಿರುವುದು ರಕ್ತನಾಳದೊಳಗೆ ಕೊಬ್ಬು ಕಟ್ಟಿಕೊಂಡ ಜಾಗ. ಅದಕ್ಕೆ ಮಾತ್ರೆ, ಸ್ಟೆಂಟ್ ಅಥವಾ ಬೈಪಾಸ್ ಬೇಕು. ವೈದ್ಯರು ಚೀಟಿಯಲ್ಲಿ ಬರೆಯುವ ‘ಹಾರ್ಟ್ ಬ್ಲಾಕ್’ ಎಂದರೆ ವಿದ್ಯುತ್ ಸಂಕೇತದ ದಾರಿ ಕಟ್ಟಿದೆ ಎಂದರ್ಥ. ಹೃದಯಕ್ಕೆ ಬಡಿತದ ಸಂಕೇತ ಕೊಡುವ ಪೇಸ್‌ಮೇಕರ್ ಯಂತ್ರ ಬೇಕಾಗುವುದು ಈ ಎರಡನೆಯದಕ್ಕೆ. ಎರಡನ್ನೂ ಒಂದೇ ಎಂದುಕೊಂಡವರು ಪೇಸ್‌ಮೇಕರ್ ಹಾಕಿಸಿಕೊಂಡ ಮೇಲೆ ಇನ್ನು ಹಾರ್ಟ್ ಅಟ್ಯಾಕ್ ಬಾರದೆಂದು ನಂಬಿ ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳನ್ನು ಬಿಟ್ಟುಬಿಡುತ್ತಾರೆ. ಪೇಸ್‌ಮೇಕರ್ ಬಗೆಗಿನ ತಪ್ಪು ಕಲ್ಪನೆಗಳಲ್ಲೆಲ್ಲ ಅತಿ ಅಪಾಯದ್ದು ಬಹುಶಃ ಇದೇ. ರಕ್ತನಾಳ ಕಟ್ಟುವುದನ್ನು ಪೇಸ್‌ಮೇಕರ್ ತಡೆಯಲಾರದು. ಪ್ರಾಣಾಪಾಯದ ಅತಿವೇಗದ ಬಡಿತಕ್ಕೆ ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಎಂಬ ಯಂತ್ರವೂ ಬೇರೆಯೇ.

ಎದೆ ಸೀಳಿ ಹೃದಯ ಕೊಯ್ದು ಯಂತ್ರ ಕೂರಿಸುತ್ತಾರೆ ಎಂಬ ಭಯಕ್ಕೆ ಹಳೆಯದೊಂದು ಆಧಾರವಿದೆ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮೊದಲ ಬಾರಿಗೆ ದೇಹದೊಳಗೆ ಪೇಸ್‌ಮೇಕರ್ ಇಟ್ಟಾಗ ರೋಗಿಯ ಎದೆಯನ್ನು ತೆರೆದದ್ದು ನಿಜ. ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಆ ಯಂತ್ರವನ್ನು ಎಪಾಕ್ಸಿ ಅಂಟಿನಲ್ಲಿ ಎರಕ ಹೊಯ್ದದ್ದು ಬೂಟ್ ಪಾಲಿಶ್ ಡಬ್ಬಿಯ ಅಚ್ಚಿನಲ್ಲಿ. ಅದು ಬಾಳಿದ್ದು ಕೆಲವೇ ಗಂಟೆ. ಹಾಕಿಸಿಕೊಂಡ ಆರ್ನೆ ಲಾರ್ಸನ್ ಮಾತ್ರ ಮುಂದೆ 20ಕ್ಕೂ ಹೆಚ್ಚು ಪೇಸ್‌ಮೇಕರ್‌ಗಳನ್ನು ಸವೆಸಿ, ಸೆನ್ನಿಂಗ್, ಎಲ್ಮ್‌ಕ್ವಿಸ್ಟ್ ಇಬ್ಬರೂ ತೀರಿಕೊಂಡ ನಂತರವೂ ಬದುಕಿದ್ದು, 2001ರಲ್ಲಿ 86ನೇ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ನಿಧನರಾದರು.

ಈಗ ಬಹುಪಾಲು ರೋಗಿಗಳಿಗೆ ಎದೆಗೂಡನ್ನು ತೆರೆಯುವ ಪ್ರಮೇಯವೇ ಬರುವುದಿಲ್ಲ. ಕ್ಯಾಥ್‌ಲ್ಯಾಬ್‌ನಲ್ಲಿ ಕಾಲರ್‌ಬೋನಿನ ಕೆಳಗೆ, ಸಾಮಾನ್ಯವಾಗಿ ಎಡಗಡೆ, ಆ ಜಾಗಕ್ಕಷ್ಟೇ ಅರಿವಳಿಕೆಯ ಇಂಜೆಕ್ಷನ್ ಕೊಟ್ಟು ನಾಲ್ಕೈದು ಸೆಂಟಿಮೀಟರ್ ಕೊಯ್ಯುತ್ತಾರೆ. ಅಲ್ಲಿನ ಅಭಿಧಮನಿಯೊಳಗೆ ಲೀಡ್ ಎಂಬ ತೆಳುವಾದ ತಂತಿಯನ್ನು ತೂರಿಸಿ, ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ ಹೃದಯದ ಬಲಭಾಗಕ್ಕೆ ಇಳಿಸುತ್ತಾರೆ. ತುದಿಯಲ್ಲಿರುವ ಪುಟ್ಟ ತಿರುಪು ಅಥವಾ ಕೊಕ್ಕೆ ಒಳಗೋಡೆಯನ್ನು ಹಿಡಿದುಕೊಳ್ಳುತ್ತದೆ. ಎಷ್ಟು ಕಡಿಮೆ ವೋಲ್ಟೇಜಿಗೆ ಹೃದಯ ಓಗೊಡುತ್ತದೆ ಎಂದು ಅಳೆದು ನೋಡಿ, ಲೀಡಿನ ಇನ್ನೊಂದು ತುದಿಯನ್ನು ಟೈಟಾನಿಯಂ ಡಬ್ಬಿಗೆ ಸಿಕ್ಕಿಸಿ, ಚರ್ಮದಡಿ ಮಾಡಿದ ಕಿಸೆಯಂಥ ಜಾಗದಲ್ಲಿಟ್ಟು ಹೊಲಿಯುತ್ತಾರೆ. ಕೆಲಸ ಹೆಚ್ಚುಕಡಿಮೆ ಒಂದು ಗಂಟೆಯದು. ರೋಗಿ ಮಾತನಾಡುತ್ತಲೇ ಇರಬಹುದು. ತೀರಾ ಚಿಕ್ಕ ಮಕ್ಕಳಲ್ಲಿ ರಕ್ತನಾಳ ಸಣ್ಣದಾದ್ದರಿಂದ ಲೀಡನ್ನು ಹೃದಯದ ಹೊರಮೈಗೆ ಹೊಲಿದು ಡಬ್ಬಿಯನ್ನು ಹೊಟ್ಟೆಯ ಭಾಗದಲ್ಲಿ ಇಡುವುದುಂಟು. ಹುಟ್ಟುವಾಗಲೇ ಹಾರ್ಟ್ ಬ್ಲಾಕ್ ಇರುವ ಶಿಶುಗಳಿವೆ. ಇದು ಮುದುಕರ ಕಾಯಿಲೆ ಎಂಬುದೂ ಪೂರ್ತಿ ನಿಜವಲ್ಲ.

‘ಇನ್ನು ಹೃದಯ ನಡೆಯುವುದು ಬ್ಯಾಟರಿ ಮೇಲೆ’ ಎಂಬ ಮಾತು ಅರ್ಧ ಸತ್ಯ. ರಕ್ತ ಪಂಪು ಮಾಡುವುದು ಈಗಲೂ ಹೃದಯದ ಸ್ನಾಯುವೇ. ಯಂತ್ರ ಕೊಡುವುದು ಎರಡು ಮೂರು ವೋಲ್ಟಿನ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ ಹೊತ್ತಿನ ಒಂದು ಚುರುಕು. ಅದೂ ಬೇಕಾದಾಗ ಮಾತ್ರ. ಪ್ರತಿ ಬಡಿತದ ನಂತರ ಅದು ಕಾಯುತ್ತದೆ. ನಿಗದಿತ ಹೊತ್ತಿನೊಳಗೆ ಹೃದಯ ತಾನಾಗಿ ಬಡಿದರೆ ಸುಮ್ಮನಿರುತ್ತದೆ, ಬಡಿಯದಿದ್ದರೆ ಸಂಕೇತ ಕಳಿಸುತ್ತದೆ. ಕೆಲವರಲ್ಲಿ ದಿನದ ಬಹುಪಾಲು ಅದಕ್ಕೆ ಕೆಲಸವೇ ಇರುವುದಿಲ್ಲ. ಸ್ವಂತ ಬಡಿತ ಬಹುತೇಕ ನಿಂತೇಹೋದವರ ಮಾತು ಬೇರೆ. ಅವರು ಯಂತ್ರವನ್ನೇ ನೆಚ್ಚಿಕೊಂಡಿರುತ್ತಾರೆ. ಹಾಗೆಂದು ಬ್ಯಾಟರಿ ಒಂದು ರಾತ್ರಿ ದಿಢೀರನೆ ಆರಿಹೋಗುವುದಿಲ್ಲ. ಸಾಮಾನ್ಯವಾಗಿ 8ರಿಂದ 12 ವರ್ಷ ಬಾಳುವ ಅದು ಮುಗಿಯುವುದಕ್ಕೆ ತಿಂಗಳುಗಳ ಮೊದಲೇ ತಪಾಸಣೆಯಲ್ಲಿ ಗೊತ್ತಾಗುತ್ತದೆ. ತಪಾಸಣೆ ತಪ್ಪಿಸಬಾರದೆನ್ನುವುದು ಅದಕ್ಕೇ. ಡಬ್ಬಿಗೆ ಮುಚ್ಚಳವಿಲ್ಲದ ಕಾರಣ ಬ್ಯಾಟರಿ ಬದಲಿಸುವುದೆಂದರೆ ಇಡೀ ಡಬ್ಬಿಯನ್ನೇ ಬದಲಿಸುವುದು. ಹಳೆಯ ಲೀಡ್ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳುತ್ತಾರೆ.

ಟಿವಿ, ಮಿಕ್ಸಿ, ಮೈಕ್ರೊವೇವ್ ಹತ್ತಿರ ಹೋಗಬಾರದೆಂಬುದು ಸುಳ್ಳು. ಕೆಟ್ಟುಹೋಗದ ಮನೆಬಳಕೆಯ ಉಪಕರಣಗಳಿಂದ ತೊಂದರೆಯಿಲ್ಲ. ಇಂಡಕ್ಷನ್ ಒಲೆಯಿಂದ ಮಾತ್ರ ಪೇಸ್‌ಮೇಕರ್ ಎರಡಡಿ ದೂರವಿರಬೇಕು. ಮೊಬೈಲನ್ನು ಯಂತ್ರದಿಂದ 15 ಸೆಂಟಿಮೀಟರ್ ಆಚೆ ಇಟ್ಟರೆ ಸಾಕು. ಆದರೆ ಗಂಡಸರ ಅಂಗಿಯ ಜೇಬು ಇರುವುದೂ ಎಡಕ್ಕೆ, ಪೇಸ್‌ಮೇಕರ್ ಕೂರುವುದೂ ಬಹುಪಾಲು ಎಡಕ್ಕೆ. ಆ ಜೇಬಿನ ರೂಢಿಯೊಂದು ತಪ್ಪಬೇಕು, ಬಲಗಿವಿಗಿಟ್ಟು ಮಾತನಾಡಬಹುದು. ವಿಮಾನ ನಿಲ್ದಾಣ, ದೊಡ್ಡ ದೇವಸ್ಥಾನಗಳ ಲೋಹಶೋಧಕ ಬಾಗಿಲನ್ನು ನಿಲ್ಲದೆ ದಾಟಿದರೆ ಆಯಿತು. ಎಂಆರ್‌ಐ ಎಂದಿಗೂ ಕೂಡದೆಂಬ ಮಾತು ಹಳೆಯದು. ಅದಕ್ಕೆ ಹೊಂದುವ ಯಂತ್ರ ಮತ್ತು ಲೀಡ್ ಇದ್ದವರಿಗೆ, ಮೊದಲು ಸೆಟ್ಟಿಂಗ್ ಬದಲಿಸಿ ಸ್ಕ್ಯಾನ್ ಮಾಡುತ್ತಾರೆ. ಯಾವ ಮಾದರಿ ಎಂದು ತಿಳಿಸುವ ಕಾರ್ಡು ಬೀರುವಿನಲ್ಲಿದ್ದರೆ ಪ್ರಯೋಜನವಿಲ್ಲ, ಪರ್ಸಿನಲ್ಲಿರಬೇಕು.

ಎಡಗೈ ಎತ್ತಲೇಬಾರದೆಂದು ವರ್ಷಗಟ್ಟಲೆ ಕೈಯನ್ನು ಮೈಗೆ ಅಂಟಿಸಿಕೊಂಡು ಓಡಾಡುವವರಿದ್ದಾರೆ. ಲೀಡ್ ಅಲುಗದಂತೆ ನಾಲ್ಕರಿಂದ ಆರು ವಾರ ಕೈಯನ್ನು ಭುಜಕ್ಕಿಂತ ಮೇಲೆತ್ತದಿರುವುದು, ಭಾರ ಹೊರದಿರುವುದು ಸರಿ. ಆಗಲೂ ಮೊಣಕೈ, ಭುಜಗಳನ್ನು ಮೆಲ್ಲನೆ ಆಡಿಸುತ್ತಿರಬೇಕು. ಇಲ್ಲದಿದ್ದರೆ ಭುಜ ಬಿಗಿದುಕೊಳ್ಳುತ್ತದೆ. ಆಮೇಲೆ ವೈದ್ಯರು ಒಪ್ಪಿದರೆ ತಲೆ ಬಾಚುವುದಕ್ಕಾಗಲಿ, ಬಟ್ಟೆ ಒಣಹಾಕುವುದಕ್ಕಾಗಲಿ ಅಡ್ಡಿಯಿಲ್ಲ.

ಮನೆಗಳಲ್ಲಿ ಪಿಸುಮಾತಿನಲ್ಲಿ ಕೇಳುವ ಪ್ರಶ್ನೆ ಇನ್ನೊಂದು: ಪೇಸ್‌ಮೇಕರ್ ಇದ್ದರೆ ಪ್ರಾಣ ಸುಲಭವಾಗಿ ಹೋಗುವುದಿಲ್ಲವೇ? ಆಮ್ಲಜನಕ ಸಿಗದೆ ಸತ್ತ ಸ್ನಾಯು ಯಾವ ಸಂಕೇತಕ್ಕೂ ಓಗೊಡುವುದಿಲ್ಲ. ಮಾನಿಟರ್ ಪರದೆಯ ನೇರ ಗೆರೆಯ ಮೇಲೆ ಮುಳ್ಳಿನಂಥ ಸಣ್ಣ ಗೀಟುಗಳು ಏಳುತ್ತಿರಬಹುದು. ಅವು ಯಂತ್ರದ ಸಂಕೇತಗಳೇ ಹೊರತು ಬಡಿತಗಳಲ್ಲ. ಸಾವಿನ ಮನೆಯಲ್ಲಿ ನೆನಪಿಡಬೇಕಾದ್ದು ಬೇರೊಂದಿದೆ. ಬೆಂಕಿಯ ಕಾವಿಗೆ ಪೇಸ್‌ಮೇಕರಿನ ಬ್ಯಾಟರಿ ಸಿಡಿದು ಚಿತಾಗಾರದ ಕುಲುಮೆಗೂ ಹತ್ತಿರ ನಿಂತವರಿಗೂ ಹಾನಿ ಮಾಡಬಲ್ಲದು. ಆದ್ದರಿಂದ ದಹನಕ್ಕೆ ಮುಂಚೆ ಡಬ್ಬಿಯನ್ನು ತೆಗೆಸಬೇಕು. ಅದು ಚರ್ಮದಡಿಯಲ್ಲೇ ಇರುವುದರಿಂದ ಆಸ್ಪತ್ರೆಯಲ್ಲಿ ಕೆಲವು ನಿಮಿಷಗಳ ಕೆಲಸ. ಹೂಳುವ ಪದ್ಧತಿಯವರಿಗೆ ಈ ಅಗತ್ಯ ಬೀಳುವುದಿಲ್ಲ.