ಸಾಯಣೋಕ್ತ ಯೋಜನಸಂಖ್ಯೆಯೂ ನಕ್ಷತ್ರಯಾನದ ವೇಗಮಿತಿಯೂ

ಋಗ್ವೇದದ ಪ್ರಥಮಮಂಡಲದ 50ನೆಯ ಸೂಕ್ತದ ನಾಲ್ಕನೆಯ ಋಕ್ಕಿಗೆ ಭಾಷ್ಯವನ್ನು ಬರೆಯುತ್ತ, ವಿಜಯನಗರದ ಬುಕ್ಕರಾಯನ ಮಂತ್ರಿಗಳಾಗಿದ್ದ ಸಾಯಣಾಚಾರ್ಯರು, ಸೂರ್ಯನು ಅರ್ಧನಿಮೇಷದಲ್ಲಿ 2202 ಯೋಜನಗಳನ್ನು ಕ್ರಮಿಸುವನೆಂಬ ಸ್ಮೃತಿವಚನವೊಂದನ್ನು ಉದಾಹರಿಸಿರುತ್ತಾರೆ. ಇದೇ ಬೆಳಕಿನ ವೇಗವೆಂದೂ, ಆಧುನಿಕರು ಅಳೆದ ಸಂಖ್ಯೆಗೆ ಚೆನ್ನಾಗಿ ಒಪ್ಪುವುದೆಂದೂ ಅನೇಕರು ಬರೆದಿದ್ದಾರೆ. ನಾವೂ ಬಹುಕಾಲ ವಿದ್ಯಾರ್ಥಿಗಳಿಗೆ ಹಾಗೆಯೇ ಹೇಳಿದವರು. ಲೆಕ್ಕವನ್ನು ಮಾತ್ರ ಮಾಡಿ ನೋಡಿರಲಿಲ್ಲ.

ಬೆಳಕು ಸೆಕೆಂಡಿಗೆ 2,99,792 ಕಿಲೋಮೀಟರು ಚಲಿಸುತ್ತದೆ. ವಿಷ್ಣುಪುರಾಣದ ಮಾನದಂತೆ ಅಹೋರಾತ್ರಕ್ಕೆ 4,05,000 ನಿಮೇಷಗಳು. ಭೂವ್ಯಾಸವು 1600 ಯೋಜನವೆಂಬ ಸೂರ್ಯಸಿದ್ಧಾಂತವನ್ನು ಹಿಡಿದರೆ ಯೋಜನಕ್ಕೆ ಸುಮಾರು 8 ಕಿಲೋಮೀಟರು. ಆಗ ಬರುವ ವೇಗವು ಸುಮಾರು 1,65,000. ಆರ್ಯಭಟನ 1050 ಯೋಜನವನ್ನು ಹಿಡಿದರೆ 2,50,000. ನಾವೆಲ್ಲರೂ ಬಾಲ್ಯದಲ್ಲಿ ಕಂಠಪಾಠಮಾಡಿದ ಅಮರಕೋಶದ ನಿಮೇಷವೋ ಇನ್ನೂ ಚಿಕ್ಕದು; ಅದನ್ನು ಸೂರ್ಯಸಿದ್ಧಾಂತದ ಯೋಜನದೊಡನೆ ಸೇರಿಸಿದರೆ ಬೆಳಕಿನ ಎಂಟುಮಡಿ ವೇಗವು ಬರುವುದು! ಬೇಕಾದ ಮಾನವನ್ನು ಆರಿಸಿಕೊಂಡಲ್ಲಿ ಬೇಕಾದ ಉತ್ತರವು ದೊರೆಯುವುದು ಸಹಜವೇ. ವಚನವಾದರೋ ಸೂರ್ಯನ ಗತಿಯನ್ನು ಹೇಳುತ್ತದೆಯೇ ಹೊರತು ಬೆಳಕಿನ ಹೆಸರನ್ನೆತ್ತುವುದಿಲ್ಲ.

ಈ ವ್ಯತ್ಯಾಸವು ಅಲ್ಪವಲ್ಲ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಗೆ ಬೆಳಕು ಹೋಗಲು 4.24 ವರ್ಷಗಳು ಬೇಕು. ಅಮರನ ಲೆಕ್ಕದಲ್ಲಿ ಆರು ತಿಂಗಳಿಗೇ ಅಲ್ಲಿರಬಹುದು. ಆದರೆ 1905ರಲ್ಲಿ ಐನ್‌ಸ್ಟೈನನು ತೋರಿಸಿದಂತೆ, ದ್ರವ್ಯರಾಶಿಯುಳ್ಳ ವಸ್ತುವು ಬೆಳಕಿನ ವೇಗವನ್ನು ಸಮೀಪಿಸಿದಷ್ಟೂ ಅದನ್ನು ಇನ್ನಷ್ಟು ನೂಕಲು ಬೇಕಾದ ಶಕ್ತಿಯು ಮಿತಿಯಿಲ್ಲದೆ ಬೆಳೆಯುತ್ತದೆ. ಆ ಎಲ್ಲೆಯನ್ನು ಮುಟ್ಟುವುದು ಅಶಕ್ಯವು. ಬೆಳಕಿನ ನೂರಕ್ಕೆ 99 ಪಾಲು ವೇಗದಿಂದ ಹೋಗುವವನಿಗೆ ತನ್ನ ಗಡಿಯಾರದಲ್ಲಿ ಏಳು ತಿಂಗಳುಗಳೇ ಕಳೆದರೂ, ಭೂಮಿಯಲ್ಲಿರುವ ನಮಗೆ ನಾಲ್ಕು ವರ್ಷಗಳ ಮೇಲೆಯೇ ಸಲ್ಲುವುವು.

ಮನುಷ್ಯಕೃತವಾದ ವೇಗವು ಇದರ ಹತ್ತಿರಕ್ಕೂ ಸುಳಿಯದು. 1977ರಲ್ಲಿ ಹೊರಟು 2012ರಲ್ಲಿ ಅಂತರತಾರಾಕಾಶವನ್ನು ಹೊಕ್ಕ ವಾಯೇಜರ್ 1 ನೌಕೆಯ ವೇಗವು ಸೆಕೆಂಡಿಗೆ ಸುಮಾರು 17 ಕಿಲೋಮೀಟರು. ಅದು ಪ್ರಾಕ್ಸಿಮಾದ ದಿಕ್ಕಿಗೆ ಹೋಗುತ್ತಿಲ್ಲ. ಹೋಗುತ್ತಿದ್ದರೂ 75,000 ವರ್ಷಗಳಷ್ಟು ಬೇಕಾಗುತ್ತಿತ್ತು. ನಮ್ಮ ಅಮೀನಗಡಕ್ಕೆ ಅನತಿದೂರದ ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯು ಶಾಸನವನ್ನು ರಚಿಸಿದ ಶಕವರ್ಷ 556ರಲ್ಲಿ, ಎಂದರೆ ಕ್ರಿ.ಶ. 634ರ ಸುಮಾರಿಗೆ, ಅಂತಹ ನೌಕೆಯೊಂದು ಹೊರಟಿದ್ದರೆ, ಈ ಹೊತ್ತಿಗೆ ದಾರಿಯ ಐವತ್ತರಲ್ಲಿ ಒಂದು ಪಾಲೂ ಸವೆದಿರುತ್ತಿರಲಿಲ್ಲ.