ಗಾಯದ ಗುರುತಿನೊಡನೆ ಎದ್ದವನ ಹಬ್ಬ

ಪ್ರತಿ ವರ್ಷ ಶುಭ ಶುಕ್ರವಾರದಂದು ನನಗೆ ತಪ್ಪದೆ ಒಂದೆರಡು ಶುಭಾಶಯಗಳು ಬರುತ್ತವೆ. ‘ಹ್ಯಾಪಿ ಗುಡ್ ಫ್ರೈಡೇ’ ಎನ್ನುತ್ತಾರೆ ಆತ್ಮೀಯರು. ಅವರ ಮನಸ್ಸಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇಲ್ಲವೆಂದು ಬಲ್ಲ ನಾನು ‘ಧನ್ಯವಾದ’ ಹೇಳಿ ಸುಮ್ಮನಾಗುತ್ತೇನೆ. ಯೇಸುವನ್ನು ಶಿಲುಬೆಗೇರಿಸಿ ಕೊಂದ ದಿನಕ್ಕೆ ನಾವೇ ‘ಶುಭ’ ಎಂಬ ವಿಶೇಷಣ ಅಂಟಿಸಿರುವಾಗ ತಪ್ಪು ಅವರದಾದರೂ ಹೇಗೆ? ಕ್ರಿಸ್‌ಮಸ್ಸಿನ ನಕ್ಷತ್ರ, ಗೋದಲಿ, ಕೇಕು ಎಲ್ಲರಿಗೂ ಪರಿಚಿತ. ಮಗು ಹುಟ್ಟಿದ ಸಂಭ್ರಮ ಯಾರಿಗೆ ತಾನೇ ಅರ್ಥವಾಗುವುದಿಲ್ಲ? ಸತ್ತವನು ಎದ್ದ ಸಂಭ್ರಮ ಅಷ್ಟು ಸುಲಭದ್ದಲ್ಲ. ಕ್ರೈಸ್ತರ ಪಾಲಿಗೆ ಎಲ್ಲ ಹಬ್ಬಗಳಿಗಿಂತ ಹಿರಿದಾದ ಈಸ್ಟರ್ ನೆರೆಹೊರೆಯವರಿಗೆ ಅಪರಿಚಿತವಾಗಿಯೇ ಉಳಿದಿರುವುದು ಬಹುಶಃ ಇದೇ ಕಾರಣಕ್ಕೆ.

ಈ ಹಬ್ಬಕ್ಕೆ ನಿಗದಿತ ತಾರೀಖೂ ಇಲ್ಲ. ವಸಂತ ವಿಷುವದ ತರುವಾಯದ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರವೇ ಈಸ್ಟರ್. ಹೀಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಓಡಾಡುತ್ತಿರುತ್ತದೆ. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಧರ್ಮಸಭೆ ತೀರ್ಮಾನಿಸಿತು. ಆದರೂ ಪಂಚಾಂಗಗಳು ಬೇರೆಯಾದ ಕಾರಣ ಪೂರ್ವ, ಪಶ್ಚಿಮದ ಸಭೆಗಳ ಹಬ್ಬ ಒಟ್ಟಿಗೆ ಬರುವುದು ಕೆಲವೊಮ್ಮೆ ಮಾತ್ರ. 2025ರ ಏಪ್ರಿಲ್ 20ರಂದು ಹಾಗೆ ಬಂದಿತ್ತು. ಚಂದ್ರನನ್ನು ನೋಡಿ ಯುಗಾದಿ ಆಚರಿಸುವ ನಮ್ಮ ಜನಕ್ಕೆ ಈ ಲೆಕ್ಕಾಚಾರ ವಿಚಿತ್ರವೆನಿಸಬೇಕಿಲ್ಲ. ಇದರ ಬೇರು ಇರುವುದು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದುದರ ನೆನಪಿಗೆ ಯೆಹೂದ್ಯರು ಆಚರಿಸುವ ಪೆಸಹ ಹಬ್ಬದಲ್ಲಿ. ಕನ್ನಡದ ಕಥೋಲಿಕರು ಈಸ್ಟರನ್ನು ಪಾಸ್ಖ ಹಬ್ಬವೆನ್ನುವುದು ಅದರಿಂದಲೇ.

ಹಬ್ಬದ ಸಿದ್ಧತೆ ಆರಂಭವಾಗುವುದು ಬೂದಿಯಿಂದ. ಹಿಂದಿನ ವರ್ಷದ ಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗಿಟ್ಟುಕೊಂಡು ನಲವತ್ತು ದಿನಗಳ ತಪಸ್ಸು ಕಾಲವನ್ನು ಪ್ರವೇಶಿಸುತ್ತೇವೆ. ಅದರ ಕೊನೆಯ ವಾರವೇ ಪವಿತ್ರ ವಾರ. ಭಾನುವಾರ ಗರಿಗಳನ್ನು ಹಿಡಿದು ಮೆರವಣಿಗೆ. ಗುರುವಾರ ಕಡೆಯ ಭೋಜನದ ಸ್ಮರಣೆಯಲ್ಲಿ ಗುರುಗಳು ಭಕ್ತರ ಪಾದ ತೊಳೆಯುತ್ತಾರೆ. ಆ ರಾತ್ರಿಯಿಂದ ಚರ್ಚಿನ ಗಂಟೆಗಳು ಮೌನವಾಗುತ್ತವೆ. ಶುಕ್ರವಾರ ಬಲಿಪೂಜೆಯಿಲ್ಲ, ಪೀಠದ ಮೇಲೆ ವಸ್ತ್ರವಿಲ್ಲ, ದೀಪವಿಲ್ಲ. ನಾನು ಚಿಕ್ಕವನಿದ್ದಾಗ ಅಂದು ನಮ್ಮ ಮನೆಯಲ್ಲಿ ರೇಡಿಯೊ ಹಾಡುತ್ತಿರಲಿಲ್ಲ. ಒಂದೇ ಹೊತ್ತು ಗಂಜಿ, ಉಪ್ಪಿನಕಾಯಿ. ಇನ್ನು ಶನಿವಾರ. ಹಗಲಿಡೀ ಏನೂ ನಡೆಯದ ದಿನವದು. ಹೂತ ಸಮಾಧಿಯ ಮುಂದೆ ಕಾಯುವುದಷ್ಟೇ ಅಂದಿನ ಆಚರಣೆ.

ಮೊದಲ ಈಸ್ಟರಿನ ಬೆಳಗೂ ಇಂದಿನ ಸಂಭ್ರಮದಂತಿರಲಿಲ್ಲ. ಸಮಾಧಿ ಬರಿದಾದುದನ್ನು ಕಂಡ ಹೆಂಗಸರು ಹೆದರಿ ಓಡಿದರು, ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೇ ಮಾರ್ಕನ ಶುಭಸಂದೇಶದ ಅತಿ ಪ್ರಾಚೀನ ಹಸ್ತಪ್ರತಿಗಳು ಮುಗಿಯುತ್ತವೆ. ಯೊವಾನ್ನನ ಪ್ರಕಾರ ಮಗ್ದಲದ ಮರಿಯಳು ಎದ್ದುಬಂದವನನ್ನು ತೋಟದ ಮಾಲಿಯೆಂದೇ ಭಾವಿಸಿದಳು. ಆತ ಹೆಸರು ಹಿಡಿದು ಕರೆದ ಮೇಲಷ್ಟೇ ಗುರುತಿಸಿದಳು. ಹೆಣ್ಣಿನ ಸಾಕ್ಷ್ಯಕ್ಕೆ ಬೆಲೆಯಿಲ್ಲದಿದ್ದ ಕಾಲದಲ್ಲಿ ಅತಿ ದೊಡ್ಡ ಸುದ್ದಿಯನ್ನು ಮೊದಲು ಹೊತ್ತವಳು ಒಬ್ಬ ಹೆಣ್ಣು. ಆಕೆಯ ಸ್ಮರಣೆಯ ದಿನವಾದ ಜುಲೈ 22ಕ್ಕೆ ಪ್ರೇಷಿತರ ಹಬ್ಬಗಳಿಗೆ ಸಮನಾದ ಸ್ಥಾನವನ್ನು ವ್ಯಾಟಿಕನ್ ನೀಡಿದ್ದು 2016ರಲ್ಲಿ.

ನನ್ನ ತಾಯಿ ತೀರಿಕೊಂಡದ್ದು ಒಂದು ತಪಸ್ಸು ಕಾಲದ ನಡುವೆ. ‘ಪುನರುತ್ಥಾನದ ಹಬ್ಬ ಬರುತ್ತಿದೆ, ಇನ್ನು ಅಳಬೇಡ’ ಎಂದರು ಬಂಧುಗಳು. ಸಮಾಧಾನಕ್ಕೆಂದು ಆಡಿದ ಆ ಮಾತು ನನ್ನನ್ನು ಇನ್ನಷ್ಟು ಕುಗ್ಗಿಸಿತು. ಹಬ್ಬವೆಂದರೆ ಸತ್ತವರನ್ನು ಮರೆಯುವುದೇ? ಶನಿವಾರ ರಾತ್ರಿಯ ಜಾಗರಣೆಗೆ ಮನಸ್ಸಿಲ್ಲದೆಯೇ ಹೋದೆ. ಚರ್ಚಿನ ದೀಪಗಳೆಲ್ಲ ಆರಿದ್ದವು. ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸಿ, ದೊಡ್ಡ ಪಾಸ್ಖ ಮೇಣದಬತ್ತಿಯ ಮೇಲೆ ಗುರುಗಳು ಶಿಲುಬೆಯನ್ನೂ ಆ ವರ್ಷದ ಅಂಕಿಗಳನ್ನೂ ಕೊರೆದರು. ಬಳಿಕ ಅದಕ್ಕೆ ಐದು ಧೂಪದ ಹರಳುಗಳನ್ನು ಚುಚ್ಚಿದರು. ಅವು ಕ್ರಿಸ್ತನ ಕೈ, ಕಾಲು, ಪಕ್ಕೆಗಳ ಐದು ಗಾಯಗಳ ಸಂಕೇತ. ಚಿಕ್ಕಂದಿನಿಂದ ನೋಡಿದ್ದರೂ ಅದನ್ನು ಗಮನಿಸಿದ್ದು ಅಂದೇ. ಪುನರುತ್ಥಾನದ ಬೆಳಕನ್ನು ಗಾಯಗಳನ್ನು ಗುರುತಿಸಿಯೇ ಹೊತ್ತಿಸುತ್ತಾರೆ. ಅಂದು ನಾನು ಅತ್ತೆ. ಹಬ್ಬಕ್ಕೆ ಅದರಿಂದ ಕುಂದು ಬಂದಿತೆಂದು ನನಗನ್ನಿಸಲಿಲ್ಲ.

ತೋಮನ ಪ್ರಸಂಗದ ತಿರುಳೂ ಇದೇ. ಮೊಳೆಯ ಗುರುತಿನಲ್ಲಿ ಬೆರಳಿಡದೆ ನಂಬುವುದಿಲ್ಲ ಎಂದ ಶಿಷ್ಯನನ್ನು ನಾವು ಸಂದೇಹಿಯೆಂದು ಹಂಗಿಸುತ್ತ ಬಂದಿದ್ದೇವೆ. ಆದರೆ ಯೇಸು ಆತನನ್ನು ದೂರ ತಳ್ಳದೆ ಗಾಯಗಳನ್ನು ತೋರಿದ. ಸಾವನ್ನು ಗೆದ್ದವನಿಗೆ ಗಾಯಗಳನ್ನು ಅಳಿಸಿಕೊಳ್ಳುವುದು ಕಷ್ಟವಿತ್ತೇ? ಅಳಿಸಿಕೊಳ್ಳಲಿಲ್ಲ. ಆ ಸಂದೇಹಿಯೇ ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದನೆಂದೂ ಇಂದಿನ ಚೆನ್ನೈಯಲ್ಲಿ ಪ್ರಾಣ ಕೊಟ್ಟನೆಂದೂ ಭಾರತದ ಕ್ರೈಸ್ತ ಪರಂಪರೆ ನಂಬುತ್ತದೆ.

ಈ ಮಾತು ಬರಿಯ ಧರ್ಮಶಾಸ್ತ್ರವಲ್ಲವೆಂದು ತಿಳಿಯಲು ನೆರೆಯ ಶ್ರೀಲಂಕಾವನ್ನು ನೋಡಬೇಕು. 2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಮೂರು ಚರ್ಚುಗಳಲ್ಲಿ, ಕೊಲಂಬೊದ ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬುಗಳು ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಲೋಕಸಭಾ ಚುನಾವಣೆಯ ಮತದಾನ ಮುಗಿಸಿ ವಿಶ್ರಾಂತಿಗೆಂದು ಹೋಗಿದ್ದ ಕರ್ನಾಟಕದವರೂ ಅವರಲ್ಲಿದ್ದರು. ನೆಗೊಂಬೊದ ಸಂತ ಸೆಬಾಸ್ಟಿಯನ್ ಚರ್ಚಿನಲ್ಲಿ ಪುನರುತ್ಥಾನ ಹೊಂದಿದ ಕ್ರಿಸ್ತನ ಪ್ರತಿಮೆಯ ಮೇಲೆ ಭಕ್ತರ ರಕ್ತ ಸಿಡಿದಿದ್ದ ಚಿತ್ರವನ್ನು ಜಗತ್ತೇ ನೋಡಿತು. ಮರುವರ್ಷದ ಈಸ್ಟರ್ ಸಂದೇಶದಲ್ಲಿ ಕೊಲಂಬೊದ ಆರ್ಚ್‌ಬಿಷಪ್ ಮಾಲ್ಕಮ್ ರಂಜಿತ್, ದಾಳಿಕೋರರನ್ನು ಕ್ಷಮಿಸಿದ್ದೇವೆ ಎಂದರು. ಆದರೆ ಸತ್ಯ ಹೊರಬರಲಿ ಎಂಬ ಒತ್ತಾಯವನ್ನು ಅವರು ಆಮೇಲೂ ಬಿಡಲಿಲ್ಲ. ಮುನ್ಸೂಚನೆ ಇದ್ದೂ ದಾಳಿ ತಡೆಯಲಾಗದ ಹೊಣೆಗೇಡಿತನಕ್ಕಾಗಿ ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಹತ್ತು ಕೋಟಿ ಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆದೇಶಿಸಿತು. ಕ್ಷಮಿಸುವುದೆಂದರೆ ಗಾಯವೇ ಆಗಿಲ್ಲವೆಂದು ನಟಿಸುವುದಲ್ಲ. ಸೇಡು ಬೇಡವೆಂದವರೂ ನ್ಯಾಯ ಕೇಳಬಹುದು. ಈಸ್ಟರಿನಿಂದ ನಾನು ಕಲಿತ ಪಾಠ ಇದು.

ಇವೆಲ್ಲದರ ಬಳಿಕ ಸಂಭ್ರಮವೂ ಉಂಟು. ಮೌನವಾಗಿದ್ದ ಗಂಟೆಗಳು ಜಾಗರಣೆಯ ನಡುವೆ ಒಮ್ಮೆಲೇ ಮೊಳಗುತ್ತವೆ. ಮರುದಿನ ಮನೆಯಲ್ಲಿ ಹಬ್ಬದೂಟ, ಮಕ್ಕಳ ಕೈಗೆ ಬೇಕರಿಯ ಬಣ್ಣದ ಸಕ್ಕರೆ ಮೊಟ್ಟೆ. ಕವಚ ಒಡೆದು ಜೀವ ಹೊರಬರುವುದರ ಸಂಕೇತ ಆ ಮೊಟ್ಟೆ.

ಈಚೆಗೆ ‘ಹ್ಯಾಪಿ ಗುಡ್ ಫ್ರೈಡೇ’ ಎಂದವರಿಗೆ ಧನ್ಯವಾದವನ್ನಷ್ಟೇ ಹೇಳಿ ಮುಗಿಸುವುದಿಲ್ಲ. ನಾಳೆ ರಾತ್ರಿ ಚರ್ಚಿಗೆ ಬನ್ನಿ ಎಂದು ಕರೆಯುತ್ತೇನೆ. ಕಳೆದ ಸಲ ನೆರೆಮನೆಯವರೊಬ್ಬರು ಬಂದಿದ್ದರು. ಕತ್ತಲಲ್ಲಿ ಅವರ ಮೇಣದಬತ್ತಿಯನ್ನು ನನ್ನದರಿಂದ ಹೊತ್ತಿಸಿಕೊಂಡರು. ಪಕ್ಕದಲ್ಲಿದ್ದ ಅಪರಿಚಿತ ವೃದ್ಧೆ ತನ್ನದನ್ನು ಅವರ ಕಡೆಗೆ ಚಾಚಿದರು.